ಬೆಣಚಿಗೆ ಒಂಬತ್ತು ವರ್ಷ

ಜೂನ್ 2

ಅಮ್ಮಾ,

ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ಇಬ್ಬರೂ ಕಿರುಚುತ್ತೇವೆ, ಇನ್ನು ಏನಿದ್ದರೂ ಬರೆದು ಕಳಿಸು ಅಂದವಳು ನೀನು. ಬರೆಯುತ್ತಿದ್ದೇನೆ. ಕೆಂಪು ಪೆನ್ನು ಕೆಳಗಿಟ್ಟು ಓದು.

ನಿನ್ನ ಮೊದಲ ಪ್ರಶ್ನೆ, ಕೆಲಸ ಹೇಗಿದೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜುತ್ತೇನೆ. ಚಕ್ರ ತಿರುಗುತ್ತಿರುತ್ತದೆ, ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ದುಂಡಗಿನ ಗಾಜನ್ನು ಫ್ರೇಮಿನ ಆಕಾರಕ್ಕೆ ತರಬೇಕು. ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೆ ಗಾಜು ಫ್ರೇಮಿನೊಳಗೆ ಅಲ್ಲಾಡುತ್ತದೆ, ಕಡಿಮೆಯಾದರೆ ಕೂರುವುದೇ ಇಲ್ಲ. ಸಂಜೆಗೆ ಬೆರಳ ಸಂದಿಯಲ್ಲೆಲ್ಲ ಬಿಳಿ ಕೆಸರು. ಯಜಮಾನರು ಬೈಯುತ್ತಾರೆ, ಆದರೆ ತಪ್ಪಿದ್ದಾಗ ಮಾತ್ರ ಬೈಯುತ್ತಾರೆ. ಶಾಲೆಯಲ್ಲಿ ಈ ಸೌಲಭ್ಯ ಇರಲಿಲ್ಲ.

ಎರಡನೇ ಪ್ರಶ್ನೆ, ಭಾನುವಾರ ಮನೆಗೆ ಬರದೆ ಎಲ್ಲಿ ಹಾಳಾಗಿ ಹೋಗುತ್ತೀ. ಎದುರು ಸಾಲಿನಲ್ಲಿ ಒಂದು ಔಷಧಿ ಅಂಗಡಿ ಇದೆ. ಅದರ ಮಾಲೀಕರನ್ನು ಬೀದಿಯವರೆಲ್ಲ ಡಾಕ್ಟ್ರೇ ಅಂತಾರೆ, ಅವರು ಡಾಕ್ಟರಲ್ಲ. ಅಂಗಡಿಯ ಮಾಳಿಗೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಮೇಜು. ಭಾನುವಾರ ಮಧ್ಯಾಹ್ನ ನಾಲ್ಕು ಜನ ಅದರ ಸುತ್ತ ಕೂರುತ್ತೇವೆ. ಡಾಕ್ಟ್ರು ಕಥೆ ನಡೆಸುತ್ತಾರೆ. ಉಳಿದ ಮೂವರಿಗೆ ಒಂದೊಂದು ಪಾತ್ರ. ಅವರು “ಎದುರಿಗೆ ನದಿ ಇದೆ, ಸೇತುವೆ ಮುರಿದಿದೆ, ಏನು ಮಾಡ್ತೀರ?” ಅಂತಾರೆ. ನಾವು ಏನು ಮಾಡ್ತೀವಿ ಅಂತ ಹೇಳಿ ದಾಳ ಹಾಕಬೇಕು. ದಾಳ ಒಪ್ಪಿದರೆ ದಾಟಿದಿರಿ, ಇಲ್ಲದಿದ್ದರೆ ನೀರುಪಾಲು. ನಾಟಕ ಇದ್ದ ಹಾಗೆ, ಆದರೆ ಮುಂದೇನಾಗುತ್ತದೆ ಅಂತ ಆಡಿಸುವವರಿಗೂ ಗೊತ್ತಿರುವುದಿಲ್ಲ. ಒಂದೊಂದು ಕಥೆ ವರ್ಷಗಟ್ಟಲೆ ನಡೆಯುತ್ತದೆ.

ವೈರಿಂಗ್ ಕೆಲಸ ಮಾಡುವ ಅಣ್ಣ ಒಬ್ಬರಿದ್ದಾರೆ, ಅವರು ಅಲ್ಲಿ ಯೋಧ. ಹೆರಿಗೆ ವಾರ್ಡಿನ ನರ್ಸಕ್ಕ ಅಲ್ಲಿ ಕಳ್ಳಿ. ನಾನು ಬೆಣಚಿ. ನನ್ನ ಜೇಬಿನಲ್ಲಿ ಸದಾ ಬೆಣಚುಕಲ್ಲು ಇರುವುದರಿಂದ ಆ ಹೆಸರು. ನನಗೆ ಒಂಬತ್ತು ವರ್ಷ.

ಮುಚ್ಚಿಡಬಾರದು ಅಂತ ಹೇಳಿದೆ. ಈಗ ಬೈ.

ಇಂತಿ,
ನಿನ್ನ ಮಗಳು

*

ಜೂನ್ 15

ಮಗಳೇ,

ಪತ್ರ ತಲುಪಿತು. ಕೆಂಪು ಪೆನ್ನು ಮುಟ್ಟಲಿಲ್ಲ, ಮುಟ್ಟಿದ್ದರೆ ಹಾಳೆಯಲ್ಲಿ ಜಾಗ ಸಾಲುತ್ತಿರಲಿಲ್ಲ.

ನಿನಗೆ ಹತ್ತೊಂಬತ್ತು. ನಿನ್ನ ಜೊತೆ ಓದಿದವರು ಕಾಲೇಜಿನ ಎರಡನೇ ವರ್ಷದಲ್ಲಿದ್ದಾರೆ. ನೀನು ಪೆಟ್ಟಿಗೆಗಳ ಮಧ್ಯೆ ಕೂತು ಒಂಬತ್ತು ವರ್ಷದ ಮಗುವಿನ ಆಟ ಆಡುತ್ತಿದ್ದೀಯ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ “ಮಗಳು ಈಗ ಏನು ಮಾಡ್ತಾಳೆ?” ಅಂತ ಕೇಳಿದರು. ನಾನು ಇದನ್ನು ಹೇಳಲೇನು?

ಯೋಧ, ಕಳ್ಳಿ ಇವೆಲ್ಲ ದೊಡ್ಡವರ ವೇಷ. ಹೋಗಲಿ, ವಾರವೆಲ್ಲ ದುಡಿದವರು ಏನೋ ಆಡಿಕೊಳ್ಳುತ್ತಾರೆ. ಮಗು ಆಗುವುದು ಅಂದರೇನು? ಜವಾಬ್ದಾರಿ ಬೇಡ ಅಂತ ತಾನೇ? ಪರೀಕ್ಷೆಯ ಕೋಣೆಯಿಂದ ಎದ್ದು ಬಂದದ್ದೂ ಅದಕ್ಕೇ. ಎದ್ದು ಬರುವುದು ಸುಲಭ. ಆಮೇಲೆ ಹೆಡ್‌ಮಾಸ್ಟರ ಮುಂದೆ ಎರಡು ಗಂಟೆ ನಿಂತು ಉತ್ತರ ಕೊಟ್ಟವಳು ನಾನು.

ಜೊತೆಗೆ ಒಂದು ಫಾರಂ ಇಟ್ಟಿದ್ದೇನೆ. ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು. ಹೆಸರು, ವಿಳಾಸ ನಾನೇ ಬರೆದಿದ್ದೇನೆ. ಸಹಿ ಮಾಡಿ ಕಳಿಸು. ಆ ಪಾತ್ರವನ್ನು ಬಿಡು, ಇಲ್ಲವೇ ವಯಸ್ಸಿಗೆ ತಕ್ಕದ್ದನ್ನು ತೆಗೆದುಕೋ.

ತಮ್ಮನಿಗೆ ಜ್ವರ ಇತ್ತು, ಈಗ ಇಲ್ಲ.

ಇಂತಿ,
ನಿನ್ನ ತಾಯಿ

*

ಜೂನ್ 23

ಅಮ್ಮಾ,

ಪರೀಕ್ಷೆಯ ವಿಷಯ ಮೊದಲು ಮುಗಿಸುತ್ತೇನೆ. ಸೂಪರ್‌ವೈಸರ್ ಬೋರ್ಡಿನ ಮೇಲೆ ಉತ್ತರ ಬರೆದು ಒರೆಸುತ್ತಿದ್ದರು. ಎಲ್ಲರೂ ಬಗ್ಗಿ ಬರೆದುಕೊಂಡರು. ನಾನು ಉತ್ತರ ಪತ್ರಿಕೆಯ ಮೇಲೆ ‘ಈ ಕೋಣೆಯಲ್ಲಿ ಉತ್ತರ ಹೇಳಿಕೊಡುತ್ತಿದ್ದಾರೆ’ ಅಂತ ಬರೆದಿಟ್ಟು ಬಂದೆ. ಅದು ನೀನು ಕೆಲಸ ಮಾಡುವ ಶಾಲೆ ಅಂತ ನೆನಪಿತ್ತು. ನೆನಪಿದ್ದೇ ಬರೆದೆ. ಜವಾಬ್ದಾರಿ ಬೇಡ ಅನ್ನುವವರು ಬಗ್ಗಿ ಬರೆದುಕೊಳ್ಳುತ್ತಾರೆ ಕಣಮ್ಮ, ಎದ್ದು ಬರುವುದಿಲ್ಲ.

ಈಗ ಬೆಣಚಿಯ ವಿಷಯ. ಅವಳನ್ನು ಬಿಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿನಗೆ ಸೇರಿದ್ದು.

ನಮ್ಮ ವೈರಿಂಗ್ ಅಣ್ಣ ಮನೆಯಲ್ಲಿ ಜಿರಲೆ ಕಂಡರೆ ಮಂಚ ಹತ್ತುತ್ತಾರೆ, ಮೇಜಿನ ಹತ್ತಿರ ಕೂತರೆ ಮೂವತ್ತು ತಲೆ ಕಡಿಯುತ್ತಾರೆ. ನರ್ಸಕ್ಕ “ವಾರವೆಲ್ಲ ಊರಿನ ಕೂಸು ಹಿಡಿದು ಹಿಡಿದು ಕೈ ಸೋತಿದೆ, ಇಲ್ಲಾದ್ರೂ ಯಾರದ್ದಾದ್ರೂ ಚೀಲ ಕದೀತೀನಿ ಬಿಡ್ರೋ” ಅಂತಾರೆ. ಅವರನ್ನು ಯಾರೂ ಯಾಕೆ ಅಂತ ಕೇಳಿಲ್ಲ. ಕೊಲೆ ಮಾಡಬಹುದು, ಕಳ್ಳತನ ಮಾಡಬಹುದು, ಬೇಕಾದರೆ ಏಳುನೂರು ವರ್ಷದ ಮಾಂತ್ರಿಕ ಮುದುಕ ಆಗಬಹುದು. ಒಂಬತ್ತು ವರ್ಷದ ಹುಡುಗಿ ಆದರೆ ಮಾತ್ರ ಎಲ್ಲರಿಗೂ ಕಾರಣ ಬೇಕು.

ಮೊದಲ ದಿನ ಅಣ್ಣ “ತೊದಲು ಮಾತಾಡು ಮರಿ, ಆಗ ಮಜಾ ಇರುತ್ತೆ” ಅಂದರು. ನಾನು “ಒಂಬತ್ತು ವರ್ಷದವರು ತೊದಲಲ್ಲ ಅಣ್ಣ, ನೀವು ಕೊನೆಗೆ ಮಗು ನೋಡಿದ್ದು ಯಾವಾಗ?” ಅಂದೆ. ನರ್ಸಕ್ಕ ಬಿದ್ದು ಬಿದ್ದು ನಕ್ಕರು. ಬೆಣಚಿ ಮುದ್ದುಮುದ್ದಾಗಿ ಮಾತಾಡುವುದಿಲ್ಲ, ಹಾಡುವುದಿಲ್ಲ, ಗೊಂಬೆ ಕೇಳುವುದಿಲ್ಲ. ಮಕ್ಕಳು ತುಂಬ ಗಂಭೀರ ಜನ. ಅಂಗಡಿಗೆ ಬರುವ ಮಕ್ಕಳನ್ನು ನೋಡುತ್ತೇನಲ್ಲ. ಹೋದ ವಾರ ಒಬ್ಬಳು ಮೊದಲ ಸಲ ಕನ್ನಡಕ ಹಾಕಿಕೊಂಡು ಗೋಡೆ ನೋಡಿ “ಆ ಇರುವೆ ಯಾವಾಗಿಂದ ಅಲ್ಲಿದೆ?” ಅಂತ ತನಿಖೆ ಮಾಡುವವರ ಹಾಗೆ ಕೇಳಿದಳು. ಯಜಮಾನರು ಎದ್ದು ಹೋಗಿ ಗೋಡೆ ನೋಡಿದರು.

ಬೆಣಚಿ ಅಂಥವಳು. ಮೊನ್ನೆ ಕಥೆಯಲ್ಲಿ ಒಂದು ಕೋಟೆಯ ಬಾಗಿಲು. ಕಾವಲುಗಾರರು ಅಗುಳಿ ಹಾಕುವ ಮುಂಚೆ ಒಳಗೆ ನುಗ್ಗುವುದು ಹೇಗೆ ಅಂತ ಯೋಧ, ಕಳ್ಳಿ ಇಬ್ಬರೂ ಒಂದು ಗಂಟೆ ಚರ್ಚೆ ಮಾಡಿದರು. ಅಷ್ಟರಲ್ಲಿ ಬೆಣಚಿ ಅಗುಳಿ ಕೂರುವ ತೂತಿನೊಳಗೆ ಒಂದು ಕಲ್ಲು ತುರುಕಿದಳು. ಡಾಕ್ಟ್ರು “ಯಾಕೆ?” ಅಂದರು. “ಹಿಡಿಯುತ್ತಾ ನೋಡೋಣ ಅಂತ” ಅಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಬಾಗಿಲು ಹಾಕಲು ಆಗಲೇ ಇಲ್ಲ. ಎಲ್ಲರೂ ಆರಾಮಾಗಿ ನಡೆದು ಒಳಗೆ ಹೋದೆವು.

ಹಿಡಿಯುತ್ತಾ ನೋಡೋಣ ಅಂತ. ಅದಕ್ಕೆ ಬೇರೆ ಕಾರಣವೇ ಇರಲಿಲ್ಲ. ಕಾರಣವಿಲ್ಲದೆ ಒಂದು ಕೆಲಸ ಮಾಡಿ ನನಗೆ ಎಷ್ಟು ವರ್ಷ ಆಗಿತ್ತು ಗೊತ್ತಾ ನಿನಗೆ?

ಫಾರಂ ಬಂದಿದೆ. ಸಹಿ ಮಾಡಿಲ್ಲ. ಹರಿದೂ ಇಲ್ಲ.

ಇಂತಿ,
ಮಗಳು

*

ಜುಲೈ 21

ಅಮ್ಮಾ,

ನೀನು ಉತ್ತರ ಬರೆದಿಲ್ಲ. ಆದರೂ ಬರೆಯುತ್ತಿದ್ದೇನೆ, ನನಗೆ ನಿನ್ನಿಂದ ಒಂದು ಸಹಾಯ ಬೇಕು. ಮೊದಲು ನಡೆದದ್ದು ಹೇಳುತ್ತೇನೆ.

ಡಾಕ್ಟ್ರ ಮೇಜಿನಲ್ಲಿ ಅವರೇ ಮಾಡಿದ ಒಂದು ನಿಯಮ ಇದೆ. ಹನ್ನೆರಡು ವರ್ಷದೊಳಗಿನ ಪಾತ್ರ ಒಂಟಿಯಾಗಿ ಇರುವ ಹಾಗಿಲ್ಲ. ಪಾತ್ರದ ಹಾಳೆಯ ಕೊನೆಯಲ್ಲಿ ‘ಹೊಣೆ’ ಅಂತ ಒಂದು ಗೆರೆ. ಅಲ್ಲಿ ಇನ್ನೊಂದು ಪಾತ್ರದವರು ಸಹಿ ಹಾಕಬೇಕು. ಮಗುವಿಗೆ ಬಿದ್ದ ಪ್ರತಿ ಪೆಟ್ಟಿನಲ್ಲಿ ಅರ್ಧ ಅವರ ಪಾಲು. ನನ್ನ ಹಾಳೆಗೆ ವೈರಿಂಗ್ ಅಣ್ಣನ ಯೋಧ ಸಹಿ ಹಾಕಿದ್ದ.

ಹೋದ ಭಾನುವಾರ ನಾವು ಒಂದು ಸಂತೆಬೀದಿಯಲ್ಲಿ ಓಡುತ್ತಿದ್ದೆವು, ಮೇಲಿಂದ ಬಾಣ. ಯೋಧ ಬೆಣಚಿಯ ಕೈ ಹಿಡಿದಿದ್ದ. ಮೂಲೆಯಲ್ಲಿ ಒಂದು ನಾಯಿಮರಿ ಇತ್ತು. ಬೆಣಚಿ ಕೈ ಬಿಡಿಸಿಕೊಂಡು ಆ ಕಡೆ ಓಡಿದಳು. ಯೋಧ ಅವಳ ಹಿಂದೆ ಓಡಿದ. ದಾಳ ಕೆಟ್ಟದಾಗಿ ಬಿತ್ತು. ಯೋಧನ ಎಡಗೈ ಹೋಯಿತು.

ನಗಬೇಡ. ಆ ಯೋಧನನ್ನು ಅಣ್ಣ ಮೂರು ವರ್ಷದಿಂದ ಆಡುತ್ತಿದ್ದಾರೆ. ಆ ಹಾಳೆ ಎಷ್ಟು ಸಲ ಮಡಚಿದ್ದು ಅಂದರೆ ಮಡಿಕೆಗೆಲ್ಲ ಟೇಪು ಅಂಟಿಸಿದ್ದಾರೆ. ಅವರು ರಬ್ಬರ್ ತೆಗೆದುಕೊಂಡು ‘ಗುರಾಣಿ’ ಅನ್ನುವುದನ್ನು ಅಳಿಸಿದರು. ಆಮೇಲೆ ನನ್ನ ಹಾಳೆ ಎಳೆದುಕೊಂಡು ತಮ್ಮ ಸಹಿಯನ್ನೂ ಅಳಿಸಿದರು. “ಸಾಕು ಮರಿ. ನಾಯಿಮರಿ ಆಸೆಗೆ ನನ್ನ ಕೈ ಹೋಯ್ತು” ಅಂದರು. ನರ್ಸಕ್ಕನ ಮುಖ ನೋಡಿದೆ. “ನಾನು ಕಳ್ಳಿ ಕಣೇ, ನನಗೇ ಯಾರೂ ಹೊಣೆ ಇಲ್ಲ” ಅಂದರು.

ಡಾಕ್ಟ್ರು ನಿಧಾನವಾಗಿ ಹೇಳಿದರು. ಮುಂದೆ ಇರುವುದು ದೊಡ್ಡ ಕಣಿವೆ. ಇಡೀ ಕಥೆ ಅದಕ್ಕಾಗಿಯೇ ನಡೆದದ್ದು. ಹೊಣೆ ಇಲ್ಲದ ಮಗು ಅದನ್ನು ದಾಟುವ ಹಾಗಿಲ್ಲ. ಒಂದೋ ಬೆಣಚಿ ಕೆಳಗಿನ ಛತ್ರದಲ್ಲಿ ಉಳಿಯಬೇಕು. ಅಂದರೆ ಅವಳ ಕಥೆ ಅಲ್ಲಿಗೆ ಮುಗಿಯಿತು. ಇಲ್ಲವೇ ವಯಸ್ಸು ಬದಲಾಯಿಸಬಹುದು. “ಒಂಬತ್ತು ಅಳಿಸಿ ಹದಿನಾರು ಅಂತ ಬರಿಯಮ್ಮ. ಯಾರೂ ಏನೂ ಅನ್ನಲ್ಲ. ಪೆನ್ಸಿಲ್ಲಲ್ಲಿ ಬರೆದಿರೋದು ತಾನೇ?” ರಬ್ಬರ್ ನನ್ನ ಮುಂದೆ ಇಟ್ಟರು.

ನಾನು ರಬ್ಬರ್ ಮುಟ್ಟಲಿಲ್ಲ.

ಈಗ ನಿಜ ಹೇಳುತ್ತೇನೆ, ಅಲ್ಲಿ ಯಾರಿಗೂ ಹೇಳಿಲ್ಲ. ನಾಯಿಮರಿ ನೆಪ. ಕೈ ಬಿಟ್ಟದ್ದು ಬೇಕಂತಲೇ. ಯಾರಾದರೂ ನನ್ನ ಹಿಂದೆ ಓಡಿ ಬರುತ್ತಾರಾ ಅಂತ ನೋಡಬೇಕಿತ್ತು. ಅಣ್ಣ ಒಂದು ಕ್ಷಣವೂ ಯೋಚಿಸದೆ ಬಂದರು. ಅವರ ಕೈ ಹೋದದ್ದಕ್ಕೆ ನನಗೆ ಬೇಜಾರಿದೆ. ಬಂದರಲ್ಲ ಅನ್ನುವುದಕ್ಕೆ ಖುಷಿಯೂ ಇದೆ. ಎರಡೂ ಇದೆ, ಒಂದನ್ನು ಮಾತ್ರ ಬರೆದರೆ ಸುಳ್ಳಾಗುತ್ತದೆ.

ಸಹಾಯ ಏನು ಅಂದರೆ, ಡಾಕ್ಟ್ರ ಮೇಜಿನಲ್ಲಿ ದೂರ ಇರುವವರು ಪತ್ರದಲ್ಲೇ ಆಡಬಹುದು. ಅವರ ಹಳೆಯ ಸ್ನೇಹಿತರೊಬ್ಬರು ಹಡಗಿನಲ್ಲಿ ಕೆಲಸ ಮಾಡುತ್ತಾ ಆರು ವರ್ಷ ಹಾಗೆ ಆಡಿದ್ದರಂತೆ. ಪಾತ್ರದ ಹಾಳೆ ತುಂಬಿ ಕಳಿಸಬೇಕು, ಆಮೇಲೆ ಡಾಕ್ಟ್ರು ಕೇಳಿದಾಗ ಏನು ಮಾಡುತ್ತೀನಿ ಅಂತ ಬರೆಯಬೇಕು. ಅಷ್ಟೇ. ಖಾಲಿ ಹಾಳೆ ಇಟ್ಟಿದ್ದೇನೆ. ಯಾರಾದರೂ ಆಗು, ರಾಣಿ ಆಗು, ಗಣಿತದ ಮೇಷ್ಟ್ರೇ ಆಗು. ನನ್ನ ಹಾಳೆಗೆ ಹೊಣೆ ಆಗು.

ಇಂತಿ,
ಮಗಳು

*

ಆಗಸ್ಟ್ 3

ಮಗಳೇ,

ಆಗುವುದಿಲ್ಲ.

ಬೆಳಿಗ್ಗೆ ಒಂಬತ್ತೂವರೆಯಿಂದ ನಾಲ್ಕೂವರೆವರೆಗೆ ಐವತ್ತೆರಡು ಮಕ್ಕಳ ಹೊಣೆ. ಆಮೇಲೆ ಟ್ಯೂಷನ್ನಿನ ಹದಿನಾಲ್ಕು ಮಕ್ಕಳದ್ದು. ಆಮೇಲೆ ನಿನ್ನ ತಮ್ಮನದ್ದು. ನಾನು ಬೋರ್ಡಿನ ಹತ್ತಿರ ಎಡ ಸೊಂಟ ಹೊರಗೆ ಹಾಕಿಕೊಂಡು ನಿಲ್ಲುತ್ತೇನೆ ಅಂತ ಮಕ್ಕಳು ಹಿಂದೆ ಅಣಕಿಸುತ್ತಾರೆ. ನೀನೂ ಅಣಕಿಸಿದ್ದೀಯ, ನಾನು ನೋಡಿದ್ದೇನೆ. ಅದು ಹೇಗೆ ಬಂತು ಅಂತ ಒಂದು ದಿನವೂ ಕೇಳಲಿಲ್ಲ. ಈಗ ಕಾಗದದ ಮೇಲೆ ಇಲ್ಲದ ಮಗುವಿಗೂ ನಾನೇ ಹೊಣೆ ಆಗಬೇಕೇ? ಆ ಪದವನ್ನು ನನ್ನ ಮುಂದೆ ಎತ್ತಬೇಡ.

ಆ ಔಷಧಿ ಅಂಗಡಿಯವರು ವಿವೇಕಿಗಳು. ಅಳಿಸಿ ಹದಿನಾರು ಅಂತ ಬರಿ. ಎಲ್ಲರೂ ಒಂದು ದಿನ ಹಾಗೇ ಬರೆದುಕೊಂಡವರೇ.

ಫಾರಂಗೆ ಕೊನೆಯ ದಿನ ಸೆಪ್ಟೆಂಬರ್ ಮೂವತ್ತು.

ಇಂತಿ,
ನಿನ್ನ ತಾಯಿ

*

ಆಗಸ್ಟ್ 9

ಅಮ್ಮಾ,

ನನಗೆ ನಿಜವಾಗಿ ಒಂಬತ್ತು ವರ್ಷ ಆಗಿದ್ದಾಗ ಅಪ್ಪ ಬೇರೆ ಮನೆ ಮಾಡಿಕೊಂಡು ಹೋದ. ತಮ್ಮನಿಗೆ ಎರಡು ವರ್ಷ. ನೀನು ಸಂಜೆಯ ಟ್ಯೂಷನ್ ಶುರು ಮಾಡಿದೆ. ಶುರು ಮಾಡಿದ ದಿನ ಮನೆಯ ಬೀಗದ ಕೈಯನ್ನು ಕಪ್ಪು ದಾರಕ್ಕೆ ಪೋಣಿಸಿ ನನ್ನ ಕುತ್ತಿಗೆಗೆ ಹಾಕಿ “ಇನ್ನು ಮೇಲೆ ನೀನು ದೊಡ್ಡವಳು” ಅಂದೆ.

ನಾನು ದೊಡ್ಡವಳಾದೆ. ಒಲೆ ಎಟುಕುತ್ತಿರಲಿಲ್ಲ, ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ಅನ್ನಕ್ಕೆ ಇಟ್ಟೆ. ಗಂಜಿ ಬಸಿಯುವಾಗ ಹೊಟ್ಟೆಯ ಮೇಲೆ ಸುಟ್ಟುಕೊಂಡಿದ್ದು ನಿನಗೆ ಗೊತ್ತಿಲ್ಲ, ಹೇಳಲಿಲ್ಲ, ದೊಡ್ಡವರು ಹೇಳುವುದಿಲ್ಲವಲ್ಲ. ತಮ್ಮ ಅಳುತ್ತಿದ್ದ. ಆಚೆ ಬೀದಿಯಲ್ಲಿ ಹುಡುಗಿಯರು ಓಡಿಬಂದು ಮುಟ್ಟುವ ಆಟ ಆಡುತ್ತಿದ್ದರು. ನಾನು ಕಿಟಕಿಯಲ್ಲಿ ಅವನನ್ನು ಎತ್ತಿಕೊಂಡು ನಿಂತು ಯಾರು ಔಟ್ ಅಂತ ಹೇಳುತ್ತಿದ್ದೆ. ಅಂಪೈರ್ ಅಂತ ಹೆಸರಿಟ್ಟಿದ್ದರು. ಬೀಗದ ಕೈ ಚಳಿಗೆ ತಣ್ಣಗೆ ಎದೆಗೆ ತಾಗುತ್ತಿತ್ತು. ಒಂಬತ್ತು ವರ್ಷ ಅದು ಅಲ್ಲೇ ಇತ್ತು. ಮನೆ ಬಿಟ್ಟು ಬರುವ ದಿನ ತೆಗೆದು ಮೊಳೆಗೆ ನೇತುಹಾಕಿ ಬಂದೆ, ನೋಡಿರಬಹುದು.

ನಿನಗೆ ಬೇರೆ ದಾರಿ ಇರಲಿಲ್ಲ ಅಂತ ಗೊತ್ತು. ದೂರು ಬರೆಯುತ್ತಿಲ್ಲ. ಆದರೆ ಬೇರೆ ದಾರಿ ಇರಲಿಲ್ಲ ಅಂದಮಾತ್ರಕ್ಕೆ ನನ್ನದು ಹೋಗಿಲ್ಲ ಅಂತ ಆಗುವುದಿಲ್ಲ. ಹೋಗಿದೆ.

ಬೆಣಚಿಯ ಕುತ್ತಿಗೆಯಲ್ಲಿ ಏನೂ ಇಲ್ಲ. ನಾನು ಅವಳನ್ನು ಬರೆಯುವಾಗ ಮೊದಲು ತೀರ್ಮಾನ ಮಾಡಿದ್ದೇ ಅದು. ಒಂಬತ್ತು ಅನ್ನುವುದು ಒಮ್ಮೆ ನನ್ನಿಂದ ಅಳಿಸಿಹೋಗಿದೆ. ಇನ್ನೊಮ್ಮೆ ನನ್ನ ಕೈಯಿಂದಲೇ ಅಳಿಸು ಅಂತೀಯಲ್ಲ, ಆಗಲ್ಲ ಹೋಗು. ಛತ್ರದಲ್ಲಿ ಬಿಟ್ಟು ಹೋದರೆ ಹೋಗಲಿ, ಅಲ್ಲೇ ಒಂಬತ್ತಾಗಿ ಕೂರುತ್ತಾಳೆ.

ನಿನ್ನ ಸೊಂಟದ ವಿಷಯ ನಾನು ಕೇಳಲಿಲ್ಲ, ಹೌದು. ತಪ್ಪು ನನ್ನದು. ಈಗ ಕೇಳುತ್ತಿದ್ದೇನೆ. ಹೇಗೆ ಬಂತು?

ಮಗಳು

*

ಸೆಪ್ಟೆಂಬರ್ 1

ಅಮ್ಮಾ,

ಮೂರು ವಾರ ಆಯಿತು. ಜಗಳವಾಡುವುದಕ್ಕಾದರೂ ಬರಿ.

ಕಣಿವೆ ದಾಟುವುದು ಇದೇ ತಿಂಗಳ ಇಪ್ಪತ್ತೊಂದಕ್ಕೆ ಅಂತ ನಿಕ್ಕಿಯಾಗಿದೆ. ಈಗ ಪ್ರತಿ ಭಾನುವಾರ ಹೋಗಿ ಕೂರುತ್ತೇನೆ, ಬೆಣಚಿ ಛತ್ರದ ಜಗಲಿಯಲ್ಲಿ ಕೂತು ಕಲ್ಲು ಎಣಿಸುತ್ತಾಳೆ, ಬೇರೆಯವರು ಹಗ್ಗ, ಕಂಬಳಿ ಅಂತ ತಯಾರಿ ಮಾಡುತ್ತಾರೆ. ನನ್ನ ಸರದಿ ಬಂದಾಗ “ಕೂತಿದ್ದೇನೆ” ಅನ್ನುತ್ತೇನೆ. ಮುಂದಿನ ಸರದಿಗೂ “ಕೂತಿದ್ದೇನೆ”. ಅಣ್ಣನಿಗೆ ತಡೆಯಲು ಆಗಲಿಲ್ಲ. “ಎಂಥ ಹಠ ಮರಿ ನಿಂದು! ಒಂದು ನಂಬರ್ ಬದಲಾಯಿಸಕ್ಕೆ ಏನು ಗಂಟು ಹೋಗುತ್ತೆ?” ಅಂದರು. ನಾನು ಹೇಳಿದೆ, “ನಿಮ್ಮ ಯೋಧನ ಗುರಾಣಿ ಅಳಿಸುವಾಗ ನೀವು ರಬ್ಬರ್ ಎರಡು ಸಲ ಕೆಳಗಿಟ್ಟು ತೆಗೆದುಕೊಂಡಿರಿ ಅಣ್ಣ, ನಾನು ನೋಡಿದೆ.” ಹೋಗುವಾಗ ಅವರು ನನ್ನ ಹೆಗಲು ತಟ್ಟಿ ಹೋದರು.

ಇವತ್ತು ಎರಡು ಗಾಜು ಜಾಸ್ತಿ ಉಜ್ಜಿ ಕೆಡಿಸಿದೆ. ಯಜಮಾನರು ಬೈದರು. ಸರಿಯಾಗೇ ಬೈದರು.

ಮಗಳು

*

ಸೆಪ್ಟೆಂಬರ್ 14

ಮಗಳೇ,

ಹೊಟ್ಟೆಯ ಮೇಲೆ ಎಲ್ಲಿ? ಬಲಗಡೆಯೋ ಎಡಗಡೆಯೋ? ಕಲೆ ಇದೆಯೇ? ಹತ್ತು ವರ್ಷದ ನಂತರ ಕೇಳುವ ತಾಯಿ ಅಂತ ನಗಬೇಡ, ಉತ್ತರ ಬರಿ.

ನಿನ್ನ ಪತ್ರವನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ದಿನಾ ಹೆಸರು ಕೂಗುವಾಗ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಐವತ್ತೆರಡು ಹೆಸರು ಕೂಗಿದ ಮೇಲೆ ಹಾಜರಿ ಮುಗಿಯಲಿಲ್ಲ ಅನ್ನಿಸಿ ಸುಮ್ಮನೆ ನಿಂತುಬಿಟ್ಟೆ. ಮಕ್ಕಳು ಮುಖ ಮುಖ ನೋಡಿಕೊಂಡವು.

ಸೊಂಟದ ವಿಷಯ ಕೇಳಿದ್ದೀಯ. ನಾವು ಐದು ಜನ, ನಾನು ಹಿರಿಯವಳು. ನನಗೆ ಹತ್ತು ತುಂಬಿದ ತಿಂಗಳು ನನ್ನ ಅಮ್ಮ ಹಾಸಿಗೆ ಹಿಡಿದಳು. ನನ್ನನ್ನು ಶಾಲೆ ಬಿಡಿಸಿದರು. ಮತ್ತೆ ಶಾಲೆಗೆ ಸೇರಿಸುವವರೆಗೆ ಎರಡು ವರ್ಷ ಎಡ ಸೊಂಟದ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಒಬ್ಬ ಇಳಿದರೆ ಇನ್ನೊಬ್ಬ ಹತ್ತುತ್ತಿದ್ದ. ಮೂಳೆ ಹಾಗೆಯೇ ಬೆಳೆಯಿತು. ನೀನು ಮನೆ ಬಿಟ್ಟದ್ದಕ್ಕಿಂತ ಶಾಲೆ ಬಿಟ್ಟದ್ದು ನನಗೆ ಯಾಕೆ ತಡೆಯಲಾಗಲಿಲ್ಲ ಅಂದರೆ, ನನ್ನನ್ನು ಬಿಡಿಸಿದ್ದರು, ನೀನಾಗಿ ನೀನೇ ಬಿಟ್ಟೆ. ಇದನ್ನು ಯಾರಿಗೂ ಹೇಳಿಕೊಂಡವಳಲ್ಲ ನಾನು.

ಅದಕ್ಕೂ ಮುಂಚೆ ನನ್ನನ್ನು ಎಲ್ಲರೂ ಗಿರಗಿಟ್ಲೆ ಅನ್ನುತ್ತಿದ್ದರು. ಒಂದು ಕಡೆ ನಿಲ್ಲುತ್ತಿರಲಿಲ್ಲ ಅಂತ. ಆಮೇಲೆ ಯಾರೂ ಹಾಗೆ ಕರೆಯಲಿಲ್ಲ. ಯಾವ ದಿನದಿಂದ ನಿಂತಿತು ಅಂತಲೂ ನೆನಪಿಲ್ಲ.

ಮೊಳೆಯಲ್ಲಿದ್ದ ದಾರವನ್ನು ನಿನ್ನ ತಮ್ಮನ ಕುತ್ತಿಗೆಗೆ ಹಾಕಬೇಕು ಅಂತ ತೆಗೆದಿಟ್ಟಿದ್ದೆ. ಹಾಕಲಿಲ್ಲ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತೇನೆ. ಅವನು ಆರೂವರೆವರೆಗೆ ಆಚೆ ಆಡುತ್ತಾನೆ, ಮೊಣಕಾಲು ತುಂಬ ಗಾಯ.

ನಿನ್ನ ಹಾಳೆ ತುಂಬಿದ್ದೇನೆ. ನಿನ್ನ ಹೊಣೆಯಾಗಿ ಅಲ್ಲ. ಆ ಉತ್ತರ ಬದಲಾಗುವುದಿಲ್ಲ. ಹೊಣೆ ನನ್ನ ಕೈಲಿ ಇನ್ನು ಆಗುವುದಿಲ್ಲ, ಆಟದಲ್ಲಿ ಕೂಡ. ಒಂದು ಗೆರೆ ನಿಮ್ಮ ಹಾಳೆಯಲ್ಲಿ ಇರಲಿಲ್ಲ, ಸ್ಕೇಲ್ ಇಟ್ಟು ನಾನೇ ಎಳೆದಿದ್ದೇನೆ. ಆ ಔಷಧಿ ಅಂಗಡಿಯವರು ಒಪ್ಪದಿದ್ದರೆ ವಾಪಸ್ ಕಳಿಸು.

ಹೆಸರು: ಗಿರಗಿಟ್ಲೆ
ವಯಸ್ಸು: ಹತ್ತು
ಕಸುಬು: ಇಲ್ಲ
ಬಲ: ಓಟ
ಭಯ: ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆಯುವುದು
ಕೈಯಲ್ಲಿ: ಏನೂ ಇಲ್ಲ
ಸೊಂಟದ ಮೇಲೆ: ಯಾರೂ ಇಲ್ಲ
ಹೊಣೆ: ಯಾರೂ ಬೇಡ

ಪೆನ್ನಿನಲ್ಲಿ ಬರೆದಿದ್ದೇನೆ.

ಇಂತಿ,
ನಿನ್ನ ತಾಯಿ

*

ಸೆಪ್ಟೆಂಬರ್ 22

ಅಮ್ಮಾ,

ಎಡಗಡೆ. ಹೊಕ್ಕುಳಿನ ಪಕ್ಕ, ಎಲೆಯ ಆಕಾರದಲ್ಲಿ ಇದೆ. ನೋವಿಲ್ಲ.

ನಿನ್ನ ಹಾಳೆಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತೇ ಓದಿದೆ. ಚಕ್ರ ಆರಿಸುವುದು ಮರೆತು ನೀರು ನೆಲಕ್ಕೆಲ್ಲ ಹರಿಯಿತು. ಯಜಮಾನರು ಬಂದರು, ನನ್ನ ಮುಖ ನೋಡಿದರು, ತಾವೇ ಚಕ್ರ ಆರಿಸಿ ಹೋದರು.

ನಿನ್ನೆ ಮೇಜಿನ ಮೇಲೆ ಅದನ್ನು ಇಟ್ಟೆ. ಡಾಕ್ಟ್ರು ಜೋರಾಗಿ ಓದಿದರು. ‘ವಯಸ್ಸು: ಹತ್ತು’ ಅನ್ನುವಾಗ ಅಣ್ಣ “ಇದೇನ್ ಡಾಕ್ಟ್ರೇ, ಶಿಶುವಿಹಾರ ತೆಗೆದ್ರಾ?” ಅಂದರು. ಸೊಂಟದ ಗೆರೆ ಬಂದಾಗ ನರ್ಸಕ್ಕ ಹಾಳೆ ಕಿತ್ತುಕೊಂಡು ತಾವೇ ಓದಿದರು. ಅವರೂ ಹಿರಿಯವರಂತೆ, ಕೆಳಗೆ ಮೂವರು. “ಈ ಹುಡುಗಿಯನ್ನ ಯಾರಾದ್ರೂ ಛತ್ರದಲ್ಲಿ ಕೂರಿಸಿದ್ರೆ ಅವರ ಚೀಲ ಅಲ್ಲ, ಗಡ್ಡ ಕದೀತೀನಿ” ಅಂದರು. ಡಾಕ್ಟ್ರು ತಮ್ಮ ಗಡ್ಡ ಮುಟ್ಟಿಕೊಂಡರು.

ಆದರೂ ಅವರು ನಿಯಮದ ಮನುಷ್ಯ. ನಿಯಮದ ಪುಸ್ತಕ ತಿರುವಿಹಾಕಿ ಒಂದು ಉಪಾಯ ಹೇಳಿದರು. ಹೊಣೆ ಅಂದರೆ ಇನ್ನೊಂದು ಪಾತ್ರ ಅಂತ ಮಾತ್ರ ನಿಯಮದಲ್ಲಿದೆ, ಅದರ ವಯಸ್ಸು ಬರೆದಿಲ್ಲ. “ನೀನು ಅವಳಿಗೆ ಸಹಿ ಹಾಕು, ಅವಳ ಪರವಾಗಿ ನಾನು ನಿನಗೆ ಹಾಕ್ತೀನಿ. ಕಾಗದ ಸರಿಯಾಯ್ತು.” ಅಷ್ಟರಲ್ಲಿ ಅಣ್ಣ ನನ್ನ ಹಾಳೆ ಎಳೆದುಕೊಂಡರು. “ಆ ಸರ್ಕಸ್ ಎಲ್ಲ ಬೇಡ. ಹಾಕ್ಕೊ ಮರಿ, ನನ್ನ ಹೆಸರೇ ಹಾಕ್ಕೊ. ಇನ್ನೊಂದು ಕೈ ಇದೆಯಲ್ಲ.”

ಎರಡು ತಿಂಗಳು ನಾನು ಕಾದದ್ದು ಅದೊಂದು ಮಾತಿಗೆ. ಪೆನ್ಸಿಲ್ ಅವರ ಕೈಯಲ್ಲಿತ್ತು. ನಾನು ಬೇಡ ಅಂದೆ.

“ಯಾಕೆ?”

“ಅವಳು ಯಾರೂ ಬೇಡ ಅಂತ ಬರೆದಿದ್ದಾಳೆ ಅಣ್ಣ. ಅವಳ ಜೊತೆ ಹೋಗುವವಳು ಹಿಂದೆ ಒಬ್ಬರನ್ನ ಇಟ್ಟುಕೊಂಡು ಹೋದರೆ ಅದು ಮೋಸ.”

ಡಾಕ್ಟ್ರು ಹೇಳಿದರು, “ಆ ನಿಯಮ ನಾನು ಬರೆದದ್ದು ಮಕ್ಕಳಿಗೆ ಪೆಟ್ಟಾಗಬಾರದು ಅಂತ ಕಣಮ್ಮ.”

“ಛತ್ರದಲ್ಲಿ ಕೂತರೂ ಆಗುತ್ತೆ ಡಾಕ್ಟ್ರೇ. ಅದನ್ನ ಯಾರೂ ದಾಳ ಹಾಕಿ ನೋಡಲ್ಲ ಅಷ್ಟೇ.”

ಡಾಕ್ಟ್ರು ತಮ್ಮ ನಿಯಮದ ಪುಸ್ತಕ ತೆರೆದು ಆ ಪುಟದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. “ಪೂರ್ತಿ ಪೆಟ್ಟು ನಿಮ್ಮದೇ” ಅಂದರು. “ಬೀಳಲಿ” ಅಂದೆ. ನನ್ನ ಹಾಳೆಯಲ್ಲಿ ಒಂಬತ್ತರ ಮೇಲೆ ಪೆನ್ನಿನಲ್ಲಿ ತಿದ್ದಿ ಬರೆದೆ, ಒಂಬತ್ತು ಅಂತಲೇ.

ಮೊದಲ ದಾಳಕ್ಕೇ ಪೆಟ್ಟು ಬಿತ್ತು. ಬೆಣಚಿಯ ಮೊಣಕಾಲಿನ ಚರ್ಮ ಕಿತ್ತುಬಂದಿದೆ, ಒಂದು ಚಪ್ಪಲಿ ಹೋಗಿದೆ. ಅಳುತ್ತಾ ನಡೆಯುತ್ತಿದ್ದಾಳೆ. ಅಳಬಹುದು ಅವಳು.

ಈಗ ಕಣಿವೆಯ ಬಾಯಲ್ಲಿ ಇದ್ದೇವೆ. ದೊಡ್ಡವರಿಬ್ಬರೂ ಹಗ್ಗ ಕಟ್ಟುತ್ತಾ ಹಿಂದೆ ಉಳಿದಿದ್ದಾರೆ. ಮುಂದೆ ಮಂಜು, ದಾರಿ ಕಾಣುವುದಿಲ್ಲ. ಹಿಂದಿನಿಂದ ಒಂದು ದನಿ ಹೆಸರು ಹಿಡಿದು ಕರೆಯುತ್ತಿದೆ, ಬಾ, ನಿನ್ನಿಂದ ಕೆಲಸ ಇದೆ ಅನ್ನುತ್ತಿದೆ. ಡಾಕ್ಟ್ರು ನಿನ್ನ ಭಯದ ಗೆರೆಯನ್ನು ಹಿಡಿದುಕೊಂಡುಬಿಟ್ಟರು, ಅವರ ಕಸುಬು ಅದು. “ಗಿರಗಿಟ್ಲೆ ಏನು ಮಾಡ್ತಾಳೆ?” ಅಂತ ಕೇಳಿದರು. ನಾನು ಹೇಳುವ ಹಾಗಿಲ್ಲ. ಅಲ್ಲಿಗೆ ಆಟ ನಿಲ್ಲಿಸಿದ್ದೇವೆ. ನಾಲ್ಕು ಜನ ನಿನ್ನ ಪತ್ರಕ್ಕೆ ಕಾಯುತ್ತಿದ್ದೇವೆ.

ಫಾರಂ ಇನ್ನೂ ಮೇಜಿನ ಮೇಲೇ ಇದೆ. ಮೂವತ್ತನೇ ತಾರೀಕಿಗೆ ಸಹಿ ಮಾಡುವುದಿಲ್ಲ. ಮುಂದಿನ ವರ್ಷ ಮಾಡಿದರೆ ನನಗಾಗಿ ಮಾಡುತ್ತೇನೆ, ಮಾಡುತ್ತೇನೆ ಅಂತ ಈಗಲೇ ಹೇಳಿದರೆ ಸುಳ್ಳು.

ಇಂತಿ,
ಬೆಣಚಿ

*

ಅಕ್ಟೋಬರ್ 1

ಬೆಣಚೀ,

ಮೂವತ್ತನೇ ತಾರೀಕು ಕಳೆಯಿತು. ಸಿಟ್ಟು ಬಂತು. ಸಿಟ್ಟು ಇದ್ದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಡಾಕ್ಟ್ರಿಗೆ ಹೇಳು. ಗಿರಗಿಟ್ಲೆಗೆ ಆ ದನಿ ಕೇಳಿಸಿತು. ಯಾರದ್ದು ಅಂತಲೂ ಗೊತ್ತಾಯಿತು. ಅವಳು ತಿರುಗಿ ನೋಡಲಿಲ್ಲ. ಮಂಜಿನೊಳಗೆ ಓಡಿದಳು. ಎಲ್ಲಿಗೆ ಅಂತ ಅವರು ಕೇಳಿದರೆ, ಗೊತ್ತಿಲ್ಲ ಅನ್ನು.

ನೀನು ಹಿಂದೆ ಬಿದ್ದರೆ ನಾನು ನಿಂತು ಕಾಯುವುದಿಲ್ಲ. ಎತ್ತಿಕೊಳ್ಳುವುದೂ ಇಲ್ಲ. ಒಂದು ಚಪ್ಪಲಿ ಇದ್ದರೆ ಅದನ್ನೂ ಬಿಸಾಕಿ ಓಡು, ನನ್ನನ್ನು ಮುಟ್ಟು ನೋಡೋಣ.

ಗಿರಗಿಟ್ಲೆ